ಎದುರು ಮಾತಾಡದವಳ ಅರ್ಜಿ

ಆಗಸ್ಟ್ 4

ಅತ್ತಿಗೆ,

ಕೈಬರಹ ನೋಡಿಯೇ ಹರಿದು ಹಾಕದಿದ್ದರೆ ಮುಂದೆ ಓದಿ. ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ನನ್ನ ಸ್ವಂತ ಕೆಲಸಕ್ಕೆ. ಕ್ಷೇಮ ಸಮಾಚಾರ ವಿಚಾರಿಸುವ ನಾಟಕ ನಿಮಗೂ ಬೇಡ, ನನಗೂ ಬೇಡ.

ನೀವು ಆ ಪರದೇಶದ ಬಿಸಿನೆಸ್ ಸ್ಕೂಲಿನ ಅಡ್ಮಿಷನ್ ಆಫೀಸಿನಲ್ಲಿ ಅರ್ಜಿ ಓದುವ ಕೆಲಸದಲ್ಲಿದ್ದೀರಿ ಎಂದು ನಮ್ಮ ಆಡಿಟರ್ ಹೇಳಿದರು. ಅವರ ಮಗಳು ಅಲ್ಲೇ ಓದುತ್ತಿದ್ದಾಳೆ. ನಿಮ್ಮ ವಿಳಾಸ ಕೊಟ್ಟದ್ದೂ ಅವರೇ. ಅಣ್ಣನಿಗೆ ಇದು ಗೊತ್ತಿಲ್ಲ.

ನಾನು ಆ ಸ್ಕೂಲಿಗೆ ಅರ್ಜಿ ಹಾಕುತ್ತಿದ್ದೇನೆ. ನಕ್ಕಿದ್ದು ಮುಗಿದ ಮೇಲೆ ಇದನ್ನು ಓದಿ: ವಯಸ್ಸು ಮೂವತ್ತೈದು. ಹನ್ನೆರಡು ವರ್ಷದಿಂದ ಅಣ್ಣನ ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಅಕೌಂಟೆಂಟ್. ಅದೇ ಮೂಲೆ ಕೋಣೆ, ಅದೇ ಗೋಂದಿನ ವಾಸನೆ, ಕಟಿಂಗ್ ಮೆಷಿನ್ ಬಡಿದಾಗಲೆಲ್ಲ ನಡುಗುವ ಅದೇ ಮೇಜು. ಪ್ರವೇಶ ಪರೀಕ್ಷೆಯಲ್ಲಿ ನೂರರಲ್ಲಿ ಎಂಬತ್ತೊಂದು ಜನರಿಗಿಂತ ಮುಂದಿದ್ದೇನೆ. ಮದುವೆ ಆಗಿಲ್ಲ, ಅದನ್ನು ಫಾರ್ಮಿನಲ್ಲಿ ಕೇಳಿಲ್ಲ, ಅಮ್ಮ ಮಾತ್ರ ಕೇಳುತ್ತಾಳೆ.

ನನಗೆ ಸೀಟು ಸಿಗುವ ಸಾಧ್ಯತೆ ಎಷ್ಟು? ಸಮಾಧಾನದ ಮಾತು ಬೇಡ. ಅಂಕಿ ಹೇಳಿ.

ನಿಮ್ಮ ನಾದಿನಿ

ಆಗಸ್ಟ್ 23

ನಿಮ್ಮ ಪತ್ರ ತಲುಪಿತು.

ಮೊದಲನೆಯದಾಗಿ, ನಾನು ಈಗ ಯಾರ ಅತ್ತಿಗೆಯೂ ಅಲ್ಲ. ಎರಡನೆಯದಾಗಿ, ಪರಿಚಯದವರ ಅರ್ಜಿಯನ್ನು ನಮ್ಮ ಆಫೀಸಿನಲ್ಲಿ ಯಾರೂ ಮುಟ್ಟುವಂತಿಲ್ಲ. ಕೈಹಿಡಿದು ಒಳಗೆ ಕರೆದುಕೊಳ್ಳುತ್ತೇನೆ ಎಂಬ ಆಸೆ ಇದ್ದರೆ ಬಿಟ್ಟುಬಿಡಿ. ದಾರಿಹೋಕರು ಬಂದು ಕೇಳಿದರೂ ಹೇಳುವಷ್ಟನ್ನು ನಿಮಗೂ ಹೇಳುತ್ತೇನೆ.

ಅಕೌಂಟೆಂಟುಗಳ ಅರ್ಜಿಗಳು ಇಲ್ಲಿ ರಾಶಿ ಬೀಳುತ್ತವೆ. ಎಲ್ಲರೂ ಶಿಸ್ತಿನವರು, ಎಲ್ಲರೂ ನಂಬಿಕಸ್ಥರು. ಹತ್ತು ಓದುವಷ್ಟರಲ್ಲಿ ಯಾರು ಯಾರೆಂದೇ ಮರೆತುಹೋಗುತ್ತದೆ. ಅದರಲ್ಲಿ ನೀವು ಮೂವತ್ತೈದರವರು. ನಮ್ಮ ತರಗತಿಯ ಸರಾಸರಿ ಇಪ್ಪತ್ತೆಂಟು. ಪರೀಕ್ಷೆಯಲ್ಲಿ ಎಂಬತ್ತೊಂದು, ಒಳಗೆ ಬರುವವರು ಸಾಮಾನ್ಯವಾಗಿ ತೊಂಬತ್ತರ ಮೇಲಿರುತ್ತಾರೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಎಂದರೆ ಕೆಲಸ ಮನೆಯವರ ಕಾರ್ಖಾನೆಯಲ್ಲಿ. ಆ ಕುರ್ಚಿ ನೀವು ಗಳಿಸಿದ್ದೋ, ಹುಟ್ಟಿದ್ದಕ್ಕೆ ಸಿಕ್ಕಿದ್ದೋ ಎಂದು ಕೇಳಿಯೇ ಕೇಳುತ್ತಾರೆ.

ನನ್ನ ಅಂದಾಜು: ಹದಿನೈದರಲ್ಲಿ ಒಂದು.

ನಿಮಗೆ ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಹನ್ನೆರಡು ವರ್ಷದಲ್ಲಿ ನಿಮ್ಮಿಂದಾಗಿ ಆ ಕಾರ್ಖಾನೆಯ ಯಾವ ತೀರ್ಮಾನ ಬದಲಾಯಿತು? ಉತ್ತರ ಹೊಳೆಯದಿದ್ದರೆ ಅರ್ಜಿ ಹಾಕುವ ಶ್ರಮ ಬೇಡ.

ಸೆಪ್ಟೆಂಬರ್ 7

ಅತ್ತಿಗೆ,

ವಿಚ್ಛೇದನ ಆದದ್ದು ನಿಮಗೂ ಅಣ್ಣನಿಗೂ. ಆ ಕಾಗದದಲ್ಲಿ ನನ್ನ ಸಹಿ ಇಲ್ಲ. ಆದ್ದರಿಂದ ನೀವು ನನಗೆ ಅತ್ತಿಗೆಯೇ, ಒಪ್ಪಿದರೂ ಬಿಟ್ಟರೂ. ಇನ್ನು ಆ 'ನೀವು, ನಿಮ್ಮ'! ರಟ್ಟು ಮಡಿಸುವಾಗ ಬೆರಳು ಕೊಯ್ದುಕೊಂಡಾಗ 'ಏ ಮಂಗ, ಉಗುರಿನ ಕಡೆಯಿಂದ ಒತ್ತು' ಎಂದು ಬೈದು ಕಲಿಸಿದವರು ನೀವು. ಈಗ ಬಹುವಚನ ತೆಗೆದು ಮುಖಕ್ಕೆ ಎಸೆದರೆ ನಾನು ಹೆದರುವುದಿಲ್ಲ.

ಹದಿನೈದರಲ್ಲಿ ಒಂದು. ಸರಿ. ಆ ಒಂದು ನಾನೇ ಯಾಕಾಗಬಾರದು?

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ: ಯಾವುದೂ ಇಲ್ಲ. ಒಂದೂ ಬದಲಾಗಿಲ್ಲ. ಆದರೆ ಇದನ್ನು ಕೇಳಿ. ಗಾಳಿಯಲ್ಲಿ ತೇವ ಇರುವ ತಿಂಗಳುಗಳಲ್ಲಿ ಕಾಗದದ ರೀಲು ನೀರು ಕುಡಿದು ತೂಕ ಹೆಚ್ಚುತ್ತದೆ. ನಾವು ತೂಕದ ಮೇಲೆ ಕೊಳ್ಳುತ್ತೇವೆ, ಎಂದರೆ ಕಾಗದದ ಜೊತೆ ನೀರನ್ನೂ ಕೊಳ್ಳುತ್ತೇವೆ. ಒಣಗಿದ ತೂಕಕ್ಕೆ ಬೆಲೆ ಕಟ್ಟೋಣ ಎಂದು ಅಣ್ಣನಿಗೆ ಮೂರು ಸಲ ಹೇಳಿದೆ. 'ಮರಿ, ಅದು ನಿನ್ನ ಕೆಲಸ ಅಲ್ಲ' ಎಂದ. ನಾನು ಬಾಯಿ ಮುಚ್ಚಿಕೊಂಡೆ. ಬಾಯಿ ಮುಚ್ಚಿಕೊಂಡು ತೇವ ಅಳೆಯುವ ಒಂದು ಮೀಟರ್ ಕೊಂಡು ತಂದೆ. ನಾಲ್ಕು ವರ್ಷದಿಂದ ಬಂದ ಪ್ರತಿ ರೀಲನ್ನೂ ಅಳೆದು ನನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಯಾರೂ ಕೇಳಿಲ್ಲ, ಯಾರಿಗೂ ತೋರಿಸಿಲ್ಲ. ಆಗಿಹೋದದ್ದನ್ನು ಬರೆಯುವುದಷ್ಟೇ ನನ್ನ ಕೆಲಸವಂತೆ. ಇನ್ನು ಮುಂದೆ ಏನಾಗಬೇಕು ಎಂದು ಹೇಳುವ ಕುರ್ಚಿ ನನಗೆ ಬೇಕು. ಅದಕ್ಕೇ ಅರ್ಜಿ.

ಮೇಲಧಿಕಾರಿಯ ಶಿಫಾರಸು ಪತ್ರ ಬೇಕಲ್ಲ. ನನ್ನ ಮೇಲಧಿಕಾರಿ ಅಣ್ಣನೇ. ಕೇಳಿದಾಗ ಜೋರಾಗಿ ನಕ್ಕ. 'ಬರೀತೀನಿ ಬಿಡು. ಸಿಗಲ್ಲ ಅಂತ ಗೊತ್ತಾದ್ಮೇಲೆ ನೀನೇ ಸುಮ್ನಾಗ್ತೀಯ' ಎಂದು ಅರ್ಧ ಗಂಟೆಯಲ್ಲಿ ಬರೆದು ನೇರವಾಗಿ ಸ್ಕೂಲಿಗೇ ಕಳಿಸಿದ. ನನಗೆ ತೋರಿಸಬಾರದೆಂದು ನಿಯಮವಂತೆ. ತುಂಬ ಚೆನ್ನಾಗಿ ಬರೆದಿದ್ದೇನೆ ಎಂದು ಅವತ್ತಿಡೀ ಖುಷಿಯಾಗಿದ್ದ. ಅಮ್ಮ ಮಾತ್ರ, 'ಮೂವತ್ತೈದಕ್ಕೆ ಸ್ಕೂಲಾ? ಬ್ಯಾಗು ಯಾವ ಬಣ್ಣದ್ದು ತರಲಿ?' ಎಂದಳು.

ಕೆಂಪು ಎಂದೆ.

ನಿಮ್ಮ ನಾದಿನಿ

ಅಕ್ಟೋಬರ್ 20

ನಿಮ್ಮ ಅರ್ಜಿ ಬಂದಿದೆ. ಎಲ್ಲ ಪುಟ ಇವೆಯೇ ಎಂದು ನೋಡುವ ಸರದಿ ಅವತ್ತು ನನ್ನದಾಗಿತ್ತು. ಹೆಸರು ಕಂಡ ಕೂಡಲೇ, ಇವರು ನನಗೆ ಪರಿಚಯದವರು ಎಂದು ಬರೆದುಕೊಟ್ಟು ಫೈಲನ್ನು ಸಹೋದ್ಯೋಗಿಗೆ ಒಪ್ಪಿಸಿದೆ. ಇನ್ನು ಮೇಲೆ ಅದರ ವಿಷಯದಲ್ಲಿ ನಾನು ಬಾಯಿ ಹಾಕುವಂತಿಲ್ಲ.

ಒಂದೇ ಮಾತು. ದಾಖಲೆ ಬದಲಿಸಲು ನವೆಂಬರ್ ಹದಿನೈದರವರೆಗೆ ಅವಕಾಶವಿದೆ. ಶಿಫಾರಸು ಪತ್ರವನ್ನು ಬೇರೆ ಯಾರಿಂದಲಾದರೂ ಬರೆಸಿ ಕಳಿಸಿ. ಆಡಿಟರ್ ಆದರೂ ಸರಿ. ಕಾರಣ ಕೇಳಬೇಡಿ.

ನವೆಂಬರ್ 2

ಅತ್ತಿಗೆ,

ಕಾರಣ ಕೇಳುವುದಿಲ್ಲ, ನನಗೇ ಗೊತ್ತು. ಒಂಬತ್ತು ವರ್ಷವಾದರೂ ಅಣ್ಣನ ಸಹಿ ಕಂಡರೆ ನಿಮಗೆ ಮೈ ಉರಿಯುತ್ತದೆ. ಅವನ ಹೆಸರಿನ ಕಾಗದ ನಿಮ್ಮ ಆಫೀಸಿನ ಕಪಾಟಿನಲ್ಲಿ ಇರುವುದೂ ನಿಮಗೆ ಬೇಡ. ಅಷ್ಟೇ ತಾನೇ?

ಅವನು ಗಂಡನಾಗಿ ಹೇಗಿದ್ದನೋ ಅದು ನಿಮಗೇ ಗೊತ್ತು. ನನಗೆ ಕೆಟ್ಟ ಅಣ್ಣನಲ್ಲ. ಅಪ್ಪ ಹೋದಾಗ ನನಗೆ ಹದಿನಾರು. ನನ್ನ ಪ್ರತಿ ಪರೀಕ್ಷೆಗೂ ಕಾಲೇಜಿನ ಗೇಟಿನ ಹೊರಗೆ ಮೂರು ಗಂಟೆ ಬಿಸಿಲಲ್ಲಿ ನಿಂತಿರುತ್ತಿದ್ದ. ಈಗಲೂ ತನ್ನ ಕೆಲಸ ಬಿಟ್ಟು ಅರ್ಧ ಗಂಟೆ ಕೂತು ನನ್ನನ್ನು ಹೊಗಳಿ ಬರೆದಿದ್ದಾನೆ. ಅದನ್ನು ಕಿತ್ತು ಹಾಕಿ ವರ್ಷಕ್ಕೆ ಎರಡು ಸಲ ಬರುವ ಆಡಿಟರ್ ಹತ್ತಿರ ಬರೆಸಬೇಕೇ? ನಿಮ್ಮ ಹಳೆಯ ಜಗಳಕ್ಕೆ ನನ್ನ ಅರ್ಜಿಯನ್ನು ಯಾಕೆ ಎಳೆಯುತ್ತೀರಿ?

ಬದಲಿಸುವುದಿಲ್ಲ. ಸೀಟು ಸಿಗದಿದ್ದರೆ ಬೇಡ, ಆದರೆ ನಿಮ್ಮ ಹೊಟ್ಟೆಕಿಚ್ಚಿಗೆ ನಾನು ಕುಣಿಯುವುದಿಲ್ಲ.

ನವೆಂಬರ್ 21

'ಆ ಕಾಗದದಲ್ಲಿ ನನ್ನ ಸಹಿ ಇಲ್ಲ' ಎಂದು ನೀನು ಸೆಪ್ಟೆಂಬರಿನಲ್ಲಿ ಬರೆದಿದ್ದೆ. ಅದನ್ನು ಓದಿ ನಾನು ಸುಮ್ಮನಿದ್ದೆ. ಹೊಟ್ಟೆಕಿಚ್ಚು ಎಂದೆಯಲ್ಲ, ಇನ್ನು ಸುಮ್ಮನಿರುವುದಿಲ್ಲ.

ನಿನ್ನ ಸಹಿ ಇದೆ. ವಿಚ್ಛೇದನದ ಕಾಗದದಲ್ಲಿ ಅಲ್ಲ, ಇನ್ನೊಂದರಲ್ಲಿ. ಕಾರ್ಖಾನೆಯ ಲೆಟರ್‌ಹೆಡ್ ಮೇಲೆ ಟೈಪ್ ಮಾಡಿದ ನಾಲ್ಕು ಸಾಲು. 'ಇವರು ಹೆಸರಿಗೆ ಮಾತ್ರ ಪಾಲುದಾರರು. ಸಂಸ್ಥೆಯಲ್ಲಿ ಯಾವ ಹುದ್ದೆಯಲ್ಲೂ ಕೆಲಸ ಮಾಡಿರುವುದಿಲ್ಲ.' ಕೆಳಗೆ ರಬ್ಬರ್ ಸ್ಟಾಂಪು. ಅದರ ಮೇಲೆ ನಿನ್ನ ಮುದ್ದಾದ ಸಹಿ, ಕೊನೆಯ ಅಕ್ಷರಕ್ಕೆ ಬಾಲ ಎಳೆದು.

ಕೆಲಸ ಮಾಡಿರುವುದಿಲ್ಲ! ಔಷಧಿ ಬಾಟಲಿ ಒಂದಕ್ಕೊಂದು ತಾಗದ ಹಾಗೆ ಒಳಗೆ ಅಡ್ಡ ಮಡಿಕೆ ಇರುವ ಡಬ್ಬಿ ಯಾರದು? ಆ ಔಷಧಿ ಕಂಪನಿಯ ಬಾಗಿಲಲ್ಲಿ ಹನ್ನೊಂದು ಸಲ ಹೋಗಿ ಕೂತು ಆರ್ಡರ್ ತಂದದ್ದು ಯಾರು? ನಿಮ್ಮ ಕಾರ್ಖಾನೆ ಇವತ್ತಿಗೂ ಬದುಕಿರುವುದು ಆ ಡಬ್ಬಿಯ ಮೇಲೆ.

ಇಲ್ಲಿಗೆ ಬಂದ ವರ್ಷ ನಾನೂ ಇದೇ ಸ್ಕೂಲಿಗೆ ಅರ್ಜಿ ಹಾಕಿದ್ದೆ. ಆರು ವರ್ಷದ ಅನುಭವ ಎಂದು ಬರೆದೆ. ಅವರು ವಿಚಾರಿಸಲು ಕಾರ್ಖಾನೆಗೆ ಪತ್ರ ಬರೆದರು. ಉತ್ತರವಾಗಿ ಆ ನಾಲ್ಕು ಸಾಲಿನ ಪ್ರತಿ ಬಂತು. ಸುಳ್ಳು ಹೇಳಿದ ಅರ್ಜಿದಾರಳು ಎಂದು ಹೊರಗೆ ಹಾಕಿದರು. ಆಮೇಲೆ ಮೂರು ವರ್ಷ ಒಂದು ಹೋಟೆಲಿನ ಸ್ವಾಗತದ ಮೇಜಿನ ಹಿಂದೆ ನಿಂತು, ಹೊಸದಾಗಿ ಅನುಭವ ಸಂಪಾದಿಸಿ, ಸಂಜೆ ತರಗತಿಯಲ್ಲಿ ಓದಿ, ಕೊನೆಗೆ ಈ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ.

ನಿನ್ನ ಅಣ್ಣನ ಮೇಲೆ ಈಗ ನನಗೆ ಕೋಪವೂ ಉಳಿದಿಲ್ಲ. ವಿಚ್ಛೇದನದಲ್ಲಿ ನಾನು ಕಾರ್ಖಾನೆಯ ಪಾಲು ಕೇಳಿಯೇನೆಂದು ಅವನು ಹೆದರಿದ್ದ, ಹೆದರಿದವರು ಹಾಗೆಯೇ. ಆದರೆ ನೀನು ನನ್ನ ಪಕ್ಕದ ಮೇಜಿನಲ್ಲಿ ಮೂರು ವರ್ಷ ಕೂತಿದ್ದವಳು. ನಾನು ಕೆಲಸ ಮಾಡುತ್ತಿದ್ದುದನ್ನು ದಿನಾ ಕಣ್ಣಾರೆ ಕಂಡವಳು.

ಇನ್ನು ನನಗೆ ಬರೆಯಬೇಡ.

ಜನವರಿ 12

ಅತ್ತಿಗೆ,

ಬರೆಯಬೇಡ ಎಂದಿದ್ದಿರಿ. ಬರೆಯುತ್ತಿದ್ದೇನೆ.

ನಿಮ್ಮ ಕಾಗದ ಬಂದ ದಿನವೇ ಉತ್ತರ ಬರೆದೆ, ಹರಿದೆ. ಮೂರು ಸಲ. ಮೂರೂ ಸಲ 'ಆಗ ನನಗೆ ಬರೀ ಇಪ್ಪತ್ತಾರು' ಎಂದೇ ಶುರುವಾಗುತ್ತಿತ್ತು. ಇಪ್ಪತ್ತಾರು ಎಂದರೆ ಎಳೆ ಮಗುವಲ್ಲ. ಅಣ್ಣ ಬಿಲ್ಲುಗಳ ನಡುವೆ ಆ ಹಾಳೆ ಇಟ್ಟು 'ಇಲ್ಲೊಂದು ಸಹಿ ಹಾಕು ಮರಿ' ಎಂದ. ಓದಿದೆ. ಓದಿಯೇ ಸಹಿ ಹಾಕಿದೆ. ಆಮೇಲೆ ಆರು ವರ್ಷದ ಹಾಜರಿ ಪುಸ್ತಕಗಳನ್ನು ನಿಮ್ಮ ಹೆಸರು ಬಿಟ್ಟು ಹೊಸದಾಗಿ ಬರೆ ಎಂದ. ಎರಡು ವಾರ ಕೂತು ಬರೆದೆ. ಒಂದೇ ದಿನ ಬರೆದಂತೆ ಕಾಣಬಾರದೆಂದು ಐದು ಬೇರೆ ಬೇರೆ ಪೆನ್ನು ಉಪಯೋಗಿಸಿದೆ. ಆ ಉಪಾಯ ಅಣ್ಣನದಲ್ಲ, ನನ್ನದೇ. ಇದು ನಿಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಲಿ.

ಆದರೆ ಅದು ನಿಮ್ಮ ಸ್ಕೂಲಿನವರೆಗೂ ಬಂತೆಂದು ನನಗೆ ನಿಜವಾಗಿ ತಿಳಿದಿರಲಿಲ್ಲ. ತಿಳಿದಿದ್ದರೆ ಬೇರೆ ಥರ ಮಾಡುತ್ತಿದ್ದೆನೇ? ಗೊತ್ತಿಲ್ಲ. ಮಾಡುತ್ತಿದ್ದೆ ಎಂದು ಬರೆಯಲು ಧೈರ್ಯವಿಲ್ಲ.

ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕು ಎಂದಿದ್ದ. ಹಾಕಿರಲಿಲ್ಲ. ಕಬ್ಬಿಣದ ಕಪಾಟಿನ ತಳದಲ್ಲಿ ಹಳೆಯ ಕ್ಯಾಟಲಾಗುಗಳ ಕೆಳಗೆ ಇಟ್ಟಿದ್ದೆ. ಯಾಕೆ ಇಟ್ಟೆನೋ, ಒಳ್ಳೆಯ ಬುದ್ಧಿಯಿಂದ ಎಂದು ಹೇಳಿಕೊಳ್ಳಲಾರೆ. ಪುಸ್ತಕ ಎಸೆಯಲು ಅಕೌಂಟೆಂಟಿಗೆ ಕೈ ಬರುವುದಿಲ್ಲ, ಅಷ್ಟೇ ಇರಬಹುದು. ಕಳೆದ ವಾರ ಅವನ್ನು ಹೊರಗೆ ತೆಗೆದೆ. ಕಾರ್ಖಾನೆಯ ಲೆಟರ್‌ಹೆಡ್ ಮೇಲೆ ಹೊಸ ಸರ್ಟಿಫಿಕೇಟ್ ಬರೆದೆ. ನೀವು ಆರು ವರ್ಷ ಮಾರಾಟವನ್ನೂ ಡಬ್ಬಿಗಳ ವಿನ್ಯಾಸವನ್ನೂ ನೋಡಿಕೊಂಡಿರಿ ಎಂದು, ಹಿಂದೆ ಕೊಟ್ಟ ಕಾಗದ ಸುಳ್ಳು ಎಂದು, ಅದನ್ನು ತಯಾರಿಸಿದವಳು ನಾನೇ ಎಂದು. ಸಹಿ, ಸ್ಟಾಂಪು, ಹಾಜರಿ ಪುಸ್ತಕದ ಪ್ರತಿ ಪುಟದ ನಕಲು, ಎಲ್ಲ ಈ ಲಕೋಟೆಯಲ್ಲಿದೆ. ಇದಕ್ಕೆ ಪ್ರತಿಯಾಗಿ ಏನೂ ಬೇಡ. ಕ್ಷಮೆ ಕೇಳಲು ಕಳಿಸಿದ್ದಲ್ಲ. ತಪ್ಪು ಬರೆದಿದ್ದೆ, ಸರಿ ಮಾಡಿದ್ದೇನೆ.

ಇದರ ಒಂದು ಪ್ರತಿಯನ್ನು ನಾನೇ ಹೋಗಿ ಅಣ್ಣನ ಮೇಜಿನ ಮೇಲಿಟ್ಟೆ. ಓದಿದವನ ಕಿವಿ ಕೆಂಪಾಯಿತು.

'ಒಂಬತ್ತು ವರ್ಷದ ಹಳೇ ಕಸ ಯಾಕೆ ಕೆದಕ್ತೀಯ?'

'ಕಸ ಅಲ್ಲ ಅಣ್ಣ. ಹಾಜರಿ ಪುಸ್ತಕ.'

'ಯಾರು ಹೇಳಿಕೊಟ್ಟರು ನಿನಗೆ ಇದನ್ನೆಲ್ಲ? ನಿನ್ನ ಬಗ್ಗೆ ನಾನು ಏನು ಬರೆದು ಕಳಿಸಿದೀನಿ ಅಂತ ಗೊತ್ತಾ? ನೋಡು, ಓದು!' ಎಂದು ಡ್ರಾಯರಿನಿಂದ ಒಂದು ಹಾಳೆ ತೆಗೆದು ಮೇಜಿಗೆ ಬಡಿದ. ಶಿಫಾರಸು ಪತ್ರದ ನಕಲು.

ಓದಿದೆ. 'ಹನ್ನೆರಡು ವರ್ಷದಲ್ಲಿ ನನ್ನ ತಂಗಿ ಒಮ್ಮೆಯೂ ಎದುರು ಮಾತಾಡಿಲ್ಲ. ಯಾಕೆ ಎಂದು ಕೇಳದೆ ಹೇಳಿದ ಕೆಲಸ ಮಾಡುತ್ತಾಳೆ. ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತಾಳೆ. ಇಂಥ ಅಕೌಂಟೆಂಟ್ ಸಿಗಲು ಮಾಲೀಕ ಪುಣ್ಯ ಮಾಡಿರಬೇಕು.'

ಅವನ ಕಣ್ಣಲ್ಲಿ ನೀರಿತ್ತು ಅತ್ತಿಗೆ. ಅದನ್ನೂ ಬರೆಯಬೇಕು. ಅವನು ಮನಸಾರೆ ಹೊಗಳಿದ್ದ. ಬದಲಿಸು ಎಂದು ನೀವು ಯಾಕೆ ಹೇಳಿದಿರಿ ಎಂದು ಆಗ ಅರ್ಥವಾಯಿತು. ಹೊಟ್ಟೆಕಿಚ್ಚು ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಮರುದಿನ ವರ್ಷದ ಸ್ಟಾಕ್ ಪಟ್ಟಿ ಸಹಿಗೆ ಬಂತು. ರೀಲುಗಳಿಗೆ ಒಣಗಿದ ತೂಕ ಬರೆದರೆ ಮಾತ್ರ ಸಹಿ ಎಂದೆ. ಇನ್ನೂ ಹಾಕಿಲ್ಲ. ನಾಲ್ಕು ದಿನದಿಂದ ಅಣ್ಣ ನನ್ನ ಜೊತೆ ಮಾತಾಡುವುದೆಲ್ಲ ಅಮ್ಮನ ಮೂಲಕವೇ.

ಇನ್ನೊಂದು ಸುದ್ದಿ. ನಿಮ್ಮ ಸ್ಕೂಲಿನಿಂದ ಪತ್ರ ಬಂದಿದೆ. ಸೀಟು ಕೊಟ್ಟಿಲ್ಲ, ತಿರಸ್ಕರಿಸಿಯೂ ಇಲ್ಲ, ವೇಟಿಂಗ್ ಲಿಸ್ಟಿನಲ್ಲಿ ಇಟ್ಟಿದ್ದಾರೆ. ಫೆಬ್ರವರಿ ಕೊನೆಯೊಳಗೆ ಇನ್ನೊಂದು ಪತ್ರ ಬೇಕಂತೆ. ಕೆಲಸದ ವಿಷಯದಲ್ಲಿ ನನ್ನೊಡನೆ ಭಿನ್ನಾಭಿಪ್ರಾಯ ಇರುವ ಒಬ್ಬರಿಂದ.

ಯಾರನ್ನು ಕೇಳಲಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ಕೇಳಬೇಕಾದವನು ಒಬ್ಬನೇ ಇದ್ದಾನೆ.

ಜನವರಿ 30

ಲಕೋಟೆ ಬಂತು. ಎರಡು ದಿನ ಅದನ್ನು ಮೇಜಿನ ಮೇಲಿಟ್ಟು ಅದರ ಮುಂದೆಯೇ ಓಡಾಡಿದೆ. ಮೂರನೆಯ ದಿನ ಹಾಜರಿ ಪುಸ್ತಕದ ನಕಲು ಬಿಡಿಸಿದೆ. ನನ್ನದೇ ಇನಿಷಿಯಲ್, ದಿನ ದಿನವೂ. ಒಂದು ಕಡೆ ಪಕ್ಕದಲ್ಲಿ 'ಜ್ವರ, ಆದರೂ ಬಂದೆ' ಎಂದು ಬರೆದಿದ್ದೇನೆ. ಹಾಗೆ ಬರೆದದ್ದೇ ಮರೆತುಹೋಗಿತ್ತು.

ಐದು ಪೆನ್ನಿನ ವಿಷಯ ಓದಿ ಕಾಗದವನ್ನು ಗೋಡೆಗೆ ಎಸೆದೆ. ಆಮೇಲೆ ಎತ್ತಿಕೊಂಡೆ. ಕ್ಷಮಿಸಿದ್ದೇನೆ ಎಂದು ಬರೆಯಲು ಕೈ ಏಳುತ್ತಿಲ್ಲ. ನೀನೂ ಕೇಳಿಲ್ಲವಲ್ಲ, ಒಳ್ಳೆಯದಾಯಿತು.

ನಾನೂ ಒಂದು ಸುಳ್ಳು ಹೇಳಿದ್ದೆ. ಹೆಸರು ಕಂಡ ಕೂಡಲೇ ಫೈಲ್ ಒಪ್ಪಿಸಿದೆ ಎಂದು ಬರೆದಿದ್ದೆ. ಇಲ್ಲ. ಅವನ ಪತ್ರ ಕಣ್ಣಿಗೆ ಬಿತ್ತು, ಕೊನೆಯವರೆಗೂ ಓದಿದೆ. ಓದಿದ ಮೇಲೆ ನಿನಗೆ ಸುಳಿವನ್ನೂ ಕೊಟ್ಟೆ. ಎರಡೂ ನಿಯಮಕ್ಕೆ ವಿರುದ್ಧ. ನೀನು ನಿನ್ನ ಅಣ್ಣನ ಮೇಜಿನ ಮೇಲೆ ಕಾಗದ ಇಟ್ಟೆ ಎಂದು ಓದಿದ ಮರುದಿನ ನಾನೂ ನಮ್ಮ ಮುಖ್ಯಸ್ಥೆಯ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಪತ್ರ ಬದಲಾಗಿಲ್ಲವಾದ್ದರಿಂದ ನಿನ್ನ ಅರ್ಜಿಗೆ ತೊಂದರೆ ಇಲ್ಲ ಎಂದರು. ನನಗೆ ಲಿಖಿತ ಎಚ್ಚರಿಕೆ. ಜೂನ್‌ವರೆಗೆ ಅರ್ಜಿ ಮುಟ್ಟುವಂತಿಲ್ಲ; ಸಭಾಂಗಣ ಯಾರಿಗೆ ಯಾವತ್ತು ಎಂದು ಬರೆದುಕೊಳ್ಳುವ ಮೇಜಿಗೆ ಹಾಕಿದ್ದಾರೆ. ತಪ್ಪು ಒಪ್ಪಿಕೊಳ್ಳುವ ಈ ಹೊಸ ಚಾಳಿ ನಿನ್ನಿಂದ ಅಂಟಿದ್ದು.

ಈಗ ನಾನು ಸುಳಿವು ಕೊಡುತ್ತಿಲ್ಲ, ಬುದ್ಧಿ ಇರುವ ಯಾರಾದರೂ ಹೇಳುವ ಮಾತು ಹೇಳುತ್ತಿದ್ದೇನೆ. ಅಣ್ಣನ ಹತ್ತಿರ ಮತ್ತೆ ಬರೆಸಬೇಡ. ಅವನು ಈಗ ಕೆಂಡವಾಗಿದ್ದಾನೆ. ನಿನ್ನ ಅರ್ಜಿಯನ್ನು ತನ್ನ ಕೈಯಾರೆ ಹೂತುಹಾಕುತ್ತಾನೆ. ಆಗ ಹದಿನೈದರಲ್ಲಿ ಒಂದು ಎಂದಿದ್ದೆ. ಅವನೇ ಬರೆದರೆ ನೂರರಲ್ಲಿ ಒಂದೂ ಇಲ್ಲ.

ಫೆಬ್ರವರಿ 18

ಅತ್ತಿಗೆ,

ನಿಮ್ಮ ಮಾತು ಕೇಳಲಿಲ್ಲ. ಅವನ ಹತ್ತಿರವೇ ಬರೆಸಿದೆ.

ಸ್ಕೂಲಿನ ಪತ್ರ ತೋರಿಸಿ, 'ನನ್ನ ಜೊತೆ ಒಪ್ಪದವರು ಬರೀಬೇಕಂತೆ. ನಿನಗಿಂತ ಇನ್ಯಾರು?' ಎಂದೆ. ಐದು ವಾರದಲ್ಲಿ ಅವನು ನನಗೆ ನೇರವಾಗಿ ಆಡಿದ ಮೊದಲ ಮಾತು, 'ಬರೀತೀನಿ. ಚೆನ್ನಾಗೇ ಬರೀತೀನಿ. ಕೂತ್ಕೋ.'

ಬಾಗಿಲು ಹಾಕಿಕೊಂಡು ಬರೆದ. ಕಟಿಂಗ್ ಮೆಷಿನ್ ಊಟದ ಬಿಡುವಿಗೆ ನಿಂತಿತ್ತು. ಬಾಗಿಲು ತೆಗೆದು, ಪ್ಯಾಕಿಂಗ್ ವಿಭಾಗದವರೆಲ್ಲ ಕೇಳುವ ಹಾಗೆ ನಿಂತು ಓದಿದ. ನನಗೆ ಬಾಯಿಪಾಠವಾಗಿದೆ, ಬರೆಯುತ್ತೇನೆ:

'ಈಕೆ ನನ್ನ ತಂಗಿ ಮತ್ತು ನಮ್ಮ ಅಕೌಂಟೆಂಟ್. ಈಚೆಗೆ ಈಕೆಯ ಜೊತೆ ಕೆಲಸ ಮಾಡುವುದು ಕಷ್ಟ. ಎಲ್ಲದಕ್ಕೂ ಯಾಕೆ ಎನ್ನುತ್ತಾಳೆ. ಗಿರಾಕಿಗಳ ಎದುರಿಗೇ ನನ್ನನ್ನು ತಿದ್ದುತ್ತಾಳೆ. ನಾಲ್ಕು ವರ್ಷ ಗುಟ್ಟಾಗಿ ಕಾಗದದ ತೇವ ಅಳೆದು ಪುಸ್ತಕ ತುಂಬಿಸಿದ್ದಾಳೆ. ಈಗ ಅದನ್ನು ನನ್ನ ಮುಂದಿಟ್ಟು, ಒಣ ತೂಕ ಬರೆಯದಿದ್ದರೆ ಸ್ಟಾಕ್ ಪಟ್ಟಿಗೆ ಸಹಿ ಇಲ್ಲ ಎಂದು ಹಟ ಹಿಡಿದಿದ್ದಾಳೆ. ಒಂಬತ್ತು ವರ್ಷದ ಹಿಂದೆ ತಾನೇ ಬರೆದ ಒಂದು ಕಾಗದ ಸುಳ್ಳು ಎಂದು, ತನಗೇ ಕೆಟ್ಟ ಹೆಸರು ಬರುತ್ತದೆ ಎಂದು ಗೊತ್ತಿದ್ದೂ, ಎಲ್ಲರ ಮುಂದೆ ಒಪ್ಪಿಕೊಂಡಿದ್ದಾಳೆ. ಬೇಡ ಎಂದರೆ ಕೇಳುವುದಿಲ್ಲ. ಲೆಕ್ಕದಲ್ಲಿ ಈಕೆ ತಪ್ಪಿದಳು ಎಂದು ನನಗೆ ಎರಡು ಸಲ ಅನಿಸಿತ್ತು. ಎರಡೂ ಸಲ ತಪ್ಪಿದ್ದು ನಾನು ಎಂದು ತೋರಿಸಿಕೊಟ್ಟಳು. ಈಕೆಯನ್ನು ತೆಗೆದುಕೊಳ್ಳುವವರು ಯೋಚಿಸಿ ತೆಗೆದುಕೊಳ್ಳುವುದು ಒಳ್ಳೆಯದು.'

ಓದಿ ಮುಗಿಸಿ, 'ಕಳಿಸಲಾ?' ಎಂದ. ನನ್ನ ಬಾಯಿಂದ ಬೇಡ ಎಂದು ಬರಲಿ ಎಂದು ಕಾಯುತ್ತಿದ್ದ.

'ಒಂದಕ್ಷರ ಬಿಡದೆ ಕಳಿಸು' ಎಂದೆ.

ಗೋಂದಿನ ಡ್ರಮ್ಮಿನ ಹತ್ತಿರ ಯಾರೋ ಕಿಸಕ್ಕೆಂದು ನಕ್ಕರು. ಅಣ್ಣ ತಿರುಗಿ ನೋಡಿದ. ಎಲ್ಲರೂ ರಟ್ಟು ಮಡಿಸತೊಡಗಿದರು.

ಮನೆಯಲ್ಲಿ ಅಮ್ಮನಿಗೆ ಹೇಳಿದಾಗ ತಟ್ಟೆ ಕೆಳಗಿಟ್ಟು, 'ಒಂದೇ ಮೇಜಲ್ಲಿ ಊಟ ಮಾಡ್ತೀರ, ಒಬ್ಬರ ಮೇಲೊಬ್ಬರು ದೂರನ್ನ ಪರದೇಶಕ್ಕೆ ಕಳಿಸ್ತೀರ. ಇಲ್ಲೇ ಜಗಳ ಆಡಿದ್ರೆ ನಾನೂ ಕೇಳ್ತಿರಲಿಲ್ವಾ?' ಎಂದಳು.

ನೂರರಲ್ಲಿ ಒಂದೂ ಇಲ್ಲ ಎಂದಿರಿ. ಇರಲಿ. ಆ ಕಾಗದದಲ್ಲಿ ಇರುವವಳು ನಾನು. ಮೊದಲನೆಯದರಲ್ಲಿ ಇದ್ದವಳಿಗೆ ಸೀಟು ಸಿಕ್ಕಿದ್ದರೆ ನನಗೆ ನಾಚಿಕೆಯಾಗುತ್ತಿತ್ತು. ಇವಳನ್ನು ಬೇಡ ಎಂದರೆ ಅವರಿಗೆ ನಾಚಿಕೆಯಾಗಲಿ.

ನಿಮ್ಮ ನಾದಿನಿ

ಏಪ್ರಿಲ್ 9

ಅತ್ತಿಗೆ,

ಸಿಕ್ಕಿತು.

ಮಾರ್ಚ್ ಕೊನೆಗೆ ಕಂಪ್ಯೂಟರ್ ಪರದೆಯ ಮೇಲೆ ಇಂಟರ್‌ವ್ಯೂ ಮಾಡಿದರು. ಒಬ್ಬ ವಯಸ್ಸಾದ ಪ್ರೊಫೆಸರು, ಪಕ್ಕದಲ್ಲಿ ಒಬ್ಬ ಹೆಂಗಸು. ಪ್ರೊಫೆಸರು ಎರಡು ಹಾಳೆ ಎತ್ತಿ ಹಿಡಿದು, 'ಇಬ್ಬರು ಬೇರೆ ಬೇರೆ ವ್ಯಕ್ತಿಗಳ ಬಗ್ಗೆ ಒಬ್ಬನೇ ಬರೆದ ಹಾಗಿದೆ. ಇದರಲ್ಲಿ ಯಾವುದು ನಿಜ?' ಎಂದು ಕೇಳಿದರು. ಎರಡೂ ನಿಜ ಎಂದೆ. ಮೊದಲನೆಯದು ಹನ್ನೆರಡು ವರ್ಷದ್ದು, ಎರಡನೆಯದು ಎರಡು ತಿಂಗಳದ್ದು. ಯಾವುದು ಹೆಚ್ಚು ದಿನ ಬಾಳುತ್ತದೆ ಎಂದು ಕೇಳಿದರು. ಅದನ್ನು ನೋಡಲು ನೀವು ನನ್ನನ್ನು ಅಲ್ಲಿಗೆ ಕರೆಸಿಕೊಳ್ಳಬೇಕಾಗುತ್ತದೆ ಎಂದೆ. ಹೆಂಗಸು ತಲೆ ತಗ್ಗಿಸಿ ಏನೋ ಬರೆದುಕೊಂಡರು. ಆ ಸುಳ್ಳು ಕಾಗದದ ವಿಷಯವನ್ನೂ ಕೇಳಿದರು. ಹೇಳಿದೆ. ಪೆನ್ನಿನ ವಿಷಯವನ್ನೂ ಬಿಡಲಿಲ್ಲ.

ನಿನ್ನೆ ಪತ್ರ ಬಂತು. ಅಣ್ಣ ಎರಡು ಸಲ ಓದಿದ.

'ನಿನಗೆ ಸಿಗಬಾರದು ಅಂತ ಬರೆದಿದ್ದು ಕಣೇ ನಾನು!'

'ಗೊತ್ತು.'

'ಹೊಗಳಿ ಬರೆದಾಗ ಸಿಗಲಿಲ್ಲ, ಬೈದು ಬರೆದಾಗ ಸಿಕ್ತಾ? ಆ ಸ್ಕೂಲಿನವರಿಗೆ ತಲೆ ನೆಟ್ಟಗಿದೆಯಾ?'

ಇವತ್ತು ಬೆಳಿಗ್ಗೆ ಸ್ಟಾಕ್ ಪಟ್ಟಿ ನನ್ನ ಮೇಜಿಗೆ ಬಂದಿತ್ತು. ಒಣ ತೂಕವನ್ನೇ ಬರೆಸಿದ್ದಾನೆ. ಸಹಿ ಹಾಕಿದೆ. ಅಷ್ಟರಿಂದ ಅವನು ಬದಲಾದ ಎಂದು ಭ್ರಮೆಪಡುತ್ತಿಲ್ಲ; ನಿಮ್ಮ ಸರ್ಟಿಫಿಕೇಟಿನ ಮಾತೆತ್ತಿದರೆ ಈಗಲೂ ಎದ್ದು ಹೋಗುತ್ತಾನೆ.

ನನ್ನ ಜಾಗಕ್ಕೆ ಒಬ್ಬರು ಬಂದಿದ್ದಾರೆ, ಐವತ್ತರ ಹತ್ತಿರದ ಹೆಂಗಸು. ಎರಡು ಜೊತೆ ಕನ್ನಡಕ, ಒಂದು ಅಂಕಿಗೆ, ಒಂದು ಮನುಷ್ಯರಿಗೆ. ಮೊದಲ ದಿನವೇ ಅಣ್ಣ ಒಂದು ವೋಚರ್ ಇಟ್ಟು 'ಇಲ್ಲೊಂದು ಸಹಿ' ಎಂದ. 'ಇದರ ಬಿಲ್ಲು ಎಲ್ಲಿ ಸಾರ್?' ಎಂದರು. ಅಣ್ಣ ನನ್ನ ಮುಖ ನೋಡಿದ. ನಾನು ಹೇಳಿಕೊಟ್ಟದ್ದಲ್ಲ ಎಂದೆ. ನಿಜಕ್ಕೂ ಹೇಳಿಕೊಟ್ಟಿರಲಿಲ್ಲ.

ಫೀಸಿನ ದಾರಿ ನಾನೇ ಮಾಡಿಕೊಂಡಿದ್ದೇನೆ. ಆಗಸ್ಟ್ ಮೊದಲ ವಾರ ಬರುತ್ತೇನೆ. ಇರಲು ಕೋಣೆ ಹುಡುಕಿಕೊಳ್ಳುತ್ತೇನೆ, ನಿಮಗೆ ಭಾರವಾಗುವುದಿಲ್ಲ. ಒಂದು ಸಲ ಮುಖ ನೋಡಲು ಬರಲೇ ಎಂದು ಮಾತ್ರ ಕೇಳುತ್ತೇನೆ. ಬೇಡವೆಂದರೂ ಬರುವವಳೇ.

ನಿಮ್ಮ ನಾದಿನಿ

ಏಪ್ರಿಲ್ 29

ನನ್ನ ಅಂದಾಜು ತಪ್ಪಾಯಿತು. ಐದು ವರ್ಷದಿಂದ ಮಾಡುತ್ತಿರುವ ಕೆಲಸದಲ್ಲಿ ಇಷ್ಟು ಚೆನ್ನಾಗಿ ತಪ್ಪಿದ್ದು ಇದೇ ಮೊದಲು.

ನಿನ್ನ ಸರ್ಟಿಫಿಕೇಟನ್ನು ಕಳೆದ ವಾರ ನಮ್ಮ ಸಿಬ್ಬಂದಿ ವಿಭಾಗಕ್ಕೆ ಒಯ್ದು, ನನ್ನ ದಾಖಲೆಯಲ್ಲಿ ಆರು ವರ್ಷದ ಅನುಭವ ಸೇರಿಸಿ ಎಂದೆ. ಅಲ್ಲಿಯ ಗುಮಾಸ್ತ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, 'ಇಷ್ಟು ವರ್ಷ ಯಾಕೆ ಕೊಟ್ಟಿರಲಿಲ್ಲ?' ಎಂದ. ಅಂಚೆ ತಡವಾಯಿತು ಎಂದೆ. ಅವನು ನಗಲಿಲ್ಲ. ನಾನು ಮೆಟ್ಟಿಲು ಇಳಿಯುವಾಗ ಒಬ್ಬಳೇ ನಕ್ಕೆ. ಆಮೇಲೆ ಅದೇ ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ಇದನ್ನು ಯಾರಿಗೂ ಹೇಳಬೇಡ, ಮುಖ್ಯವಾಗಿ ನಿನ್ನ ಅಮ್ಮನಿಗೆ.

ಆಗಸ್ಟಿನಲ್ಲಿ ಕೋಣೆ ಹುಡುಕಬೇಡ. ಬಂದ ಕೂಡಲೇ ಸಿಗುವ ಕೋಣೆಗಳಲ್ಲಿ ಕಿಟಕಿ ತೆರೆಯುವುದಿಲ್ಲ. ಮೊದಲ ತಿಂಗಳು ನನ್ನ ಮನೆಯಲ್ಲಿರು. ವಿಮಾನ ಇಳಿದಾಗ ಬಾಗಿಲ ಹತ್ತಿರ ನಿಂತಿರುತ್ತೇನೆ. ಓಡಿ ಬಂದು ತಬ್ಬಿಕೊಳ್ಳುತ್ತೇನೆ ಎಂದುಕೊಂಡು ಬರಬೇಡ. ಕೋಪ ಇನ್ನೂ ಇದೆ. ಅದರಲ್ಲಿ ಅರ್ಧವನ್ನೂ ನಾನು ಇಲ್ಲಿಯವರೆಗೆ ಬರೆದಿಲ್ಲ. ಎಲ್ಲವನ್ನೂ ನಿನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಬೇಕು. ನೀನೂ ಸುಮ್ಮನೆ ಕೇಳಿಸಿಕೊಂಡು ಕೂರಬೇಡ. ತಿರುಗಿ ಮಾತಾಡು.